ಕಣ್ಣಿರುವ ಕಾರು

ಸೆಪ್ಟೆಂಬರ್ ೮, ಸೋಮವಾರ

ಗಣಪತಿ ನೀರಿಗೆ ಹೋದ, ಪುಣೆಯ ಪೇಠದ ರಸ್ತೆಗಳು ಮತ್ತೆ ತೆರೆದವು. ಹಬ್ಬ ಮುಗಿಯುವವರೆಗೆ ಕಾರು ಹೊರತೆಗೆಯುವ ಹಾಗಿರಲಿಲ್ಲ. ಅಷ್ಟೂ ಸಂಜೆ ಅಮೇಯ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು, ಕೊನೆಗೆ ತನ್ನ ಕೈಯನ್ನೇ ಕಚ್ಚಿಕೊಂಡು ಒಳಗೆ ಹೋಗುತ್ತಿದ್ದ. ಇಪ್ಪತ್ತಾರು ವರ್ಷದ ಮಗ, ನನಗಿಂತ ಒಂದು ಗೇಣು ಎತ್ತರ. ಅವನು ಚಿಕ್ಕವನಿದ್ದಾಗಲೇ ಡಾಕ್ಟರು ಆಟಿಸಂ ಎಂದಿದ್ದರು. ಇವತ್ತಿಗೂ ಅವನ ಬಾಯಿಂದ ದಿನಕ್ಕೆ ಹತ್ತು ಮಾತು ಬಂದರೆ ಹೆಚ್ಚು. ಊಟ, ಸ್ನಾನ, ಬಟ್ಟೆ, ಔಷಧ, ಎಲ್ಲಕ್ಕೂ ಅವನಿಗೆ ಅವನ ತಾಯಿ ಇಂದೂ ಬೇಕು. ನನ್ನಿಂದ ಬೇಕಾದದ್ದು ಒಂದೇ, ಸಂಜೆಯ ಕಾರು. ಸದಾಶಿವ ಪೇಠದಿಂದ ಕಾತ್ರಜದವರೆಗೆ ಹೋಗಿ, ಹುಬ್ಬಳ್ಳಿ ಕಡೆಯ ಬಸ್ಸುಗಳನ್ನು ನೋಡಿ ವಾಪಸು. ಹಿಂದಿನ ಸೀಟಿನ ಎಡಬದಿ ಅವನ ಜಾಗ. ಸುತ್ತಿ ಬಂದರೆ ಉಂಡು ಮಲಗುತ್ತಾನೆ, ಇಲ್ಲದಿದ್ದರೆ ಮನೆಯಲ್ಲಿ ಯಾರೂ ಮಲಗುವ ಹಾಗಿಲ್ಲ.

ಇತ್ತೀಚೆಗೆ ಸುತ್ತಿ ಬಂದರೂ ಮಲಗುತ್ತಿಲ್ಲ. ಇದು ಕಾರಿನ ತಪ್ಪು. ಮುದಿ ಕಾರು, ಎಲ್ಲ ಕಡೆ ಗಡಗಡ ಅನ್ನುತ್ತದೆ. ನೋಂದಣಿಯ ಹದಿನೈದು ವರ್ಷವೂ ತುಂಬುತ್ತ ಬಂದಿದೆ. ಹೊಸದು ತೆಗೆದುಕೊಳ್ಳುವುದೇ ಸರಿ.

ಇನ್ನೊಂದು ವಿಷಯ ಇಲ್ಲಿ ಮಾತ್ರ ಬರೆಯುತ್ತೇನೆ. ಜುಲೈನಲ್ಲಿ ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ಎಡಗಣ್ಣಿನ ನರ ಸೊರಗಿದೆಯಂತೆ, ಎಡಪಕ್ಕದ ನೋಟ ಕುಗ್ಗಿದೆಯಂತೆ, ಪೂರ್ತಿ ಪರೀಕ್ಷೆ ಆಗುವವರೆಗೆ ಗಾಡಿ ಓಡಿಸಬಾರದಂತೆ. ಪರೀಕ್ಷೆಗೆ ನಾನು ಇನ್ನೂ ಹೋಗಿಲ್ಲ. ಇಂದೂಗೆ ಹೇಳಿಯೂ ಇಲ್ಲ. ನನಗೆ ಎಲ್ಲವೂ ಕಾಣುತ್ತದೆ. ಈ ಪುಟ ಕಾಣುತ್ತದೆ, ಎದುರು ಮನೆಯವರ ಬಾಲ್ಕನಿಯಲ್ಲಿ ಒಣಗಲು ಹಾಕಿದ ಹಪ್ಪಳವೂ ಕಾಣುತ್ತದೆ. ಆದರೂ ಈಗಿನ ಕಾರುಗಳಿಗೆ ಕಣ್ಣುಗಳಿರುತ್ತವೆ ಎಂದು ಕೇಳಿದ್ದೇನೆ. ಅಂಥದೊಂದನ್ನು ತಂದರಾಯಿತು.

ಸೆಪ್ಟೆಂಬರ್ ೧೧, ಗುರುವಾರ

ತಿಲಕ ರಸ್ತೆಯಲ್ಲಿ ಎಡಗಡೆಯಿಂದ ಒಂದು ಸ್ಕೂಟರು ನೆಲದೊಳಗಿಂದ ಎದ್ದ ಹಾಗೆ ಬಂತು. ನನ್ನ ಕನ್ನಡಿ ಅದರ ಹಿಡಿಗೆ ತಾಗಿ ಮಡಚಿಕೊಂಡಿತು. ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡಿದ್ದ ಹುಡುಗಿ "ಕಾಕಾ, ದಿಸತ್ ನಾಹೀ ಕಾ?" ಎಂದು ಕೂಗಿ ಹೋದಳು. ಕಾಣುವುದಿಲ್ಲವೇ ಎಂದು ನನ್ನನ್ನು ಕೇಳುತ್ತಾಳೆ! ಮೋಟಾರು ವಿಮೆಯ ಸರ್ವೇಯರ್ ಆಗಿ ಆಯುಷ್ಯವೆಲ್ಲ ಅಪಘಾತದ ಗಾಡಿಗಳನ್ನು ನೋಡಿ, ತಪ್ಪು ಯಾರದೆಂದು ಬರೆದುಕೊಟ್ಟವನು ನಾನು. ಎಡದಿಂದ ಮುಂದೆ ನುಗ್ಗಿದರೆ ತಪ್ಪು ನುಗ್ಗಿದವರದೇ, ನೂರಕ್ಕೆ ನೂರು.

ಅಮೇಯನಿಗೊಂದು ಹೊಸ ಚಟ ಹತ್ತಿದೆ. ದಾರಿಯುದ್ದಕ್ಕೂ ಅಂಗೈಯಿಂದ ಎಡಗಡೆಯ ಗಾಜನ್ನು ಬಡಿಯುತ್ತಾನೆ. ಇವತ್ತು ಆ ಸ್ಕೂಟರಿನ ಗಲಾಟೆಯಲ್ಲೂ ಬಡಿಯುತ್ತಲೇ ಇದ್ದ. ಸಿಟ್ಟು ಬಂದು ಬೈದೆ.

ಸೆಪ್ಟೆಂಬರ್ ೧೪, ಭಾನುವಾರ

ಶೋರೂಮಿಗೆ ಹೋಗಿದ್ದೆ. ಸೋನಾಲಿ ಎಂಬ ಹುಡುಗಿ ಕಾರು ತೋರಿಸಿದಳು. ಮಾತೆಲ್ಲ ಮರಾಠಿಯಲ್ಲಿ, ಪ್ರತಿ ಮಾತಿಗೂ ಒಂದು ಕಾಕಾ. ಕಾರು ಒಂದೇ, ಅದರಲ್ಲಿ ಮೂರು ಮಾದರಿ. ಕೆಳಗಿನದರಲ್ಲಿ ನಾಲ್ಕು ಗಾಲಿ, ಒಂದು ಸ್ಟೇರಿಂಗು, ದೇವರ ದಯೆ. ನಡುವಿನದರಲ್ಲಿ ಸ್ವಲ್ಪ ಸುಖ. ಮೇಲಿನದರಲ್ಲಿ ಮದುವೆ ಮನೆಯ ವೈಭವ. ಸೀಟಿನೊಳಗಿಂದ ತಣ್ಣನೆಯ ಗಾಳಿ, ಕಾಲ ಬುಡದಲ್ಲಿ ನೇರಳೆ ದೀಪ, ತಲೆಯ ಮೇಲೆ ಗಾಜಿನ ಕಿಟಕಿ. ಪುಣೆಯ ಏಪ್ರಿಲ್ ಬಿಸಿಲಲ್ಲಿ ತಲೆಯ ಮೇಲೆ ಕಿಟಕಿ ತೆರೆಯುವ ಪುಣ್ಯಾತ್ಮ ಯಾರು ಎಂದು ಕೇಳಿದೆ. ನಕ್ಕಳು.

ನನಗೆ ಬೇಕಾದದ್ದೂ ಇದೆ. ನಾಲ್ಕೂ ಕಡೆ ಕ್ಯಾಮೆರಾ. ಪಕ್ಕದಲ್ಲಿ ಗಾಡಿ ಬಂದರೆ ಕನ್ನಡಿಯಲ್ಲಿ ಕಿತ್ತಳೆ ದೀಪ ಹತ್ತಿ, ಪೀಪ್ ಎಂದು ಸದ್ದು ಬರುತ್ತದೆ. ಗೆರೆ ದಾಟಿದರೆ ಎಚ್ಚರಿಸುತ್ತದೆ, ಯಾರಾದರೂ ಅಡ್ಡ ಬಂದರೆ ತಾನೇ ಬ್ರೇಕು ಹಾಕುತ್ತದೆ. ಕೇಳುತ್ತಾ ಕೇಳುತ್ತಾ ನನ್ನ ಎದೆ ಹಗುರಾಯಿತು. ಮುಖವಿಲ್ಲದ ಯಂತ್ರವೊಂದು ನನ್ನ ಪಕ್ಕದಲ್ಲಿ ಕುಳಿತು, "ನೀನು ಓಡಿಸು, ನಾನು ನೋಡಿಕೊಳ್ಳುತ್ತೇನೆ" ಎಂದ ಹಾಗಾಯಿತು.

ಆದರೆ ಇವು ಬಿಡಿಯಾಗಿ ಸಿಗುವುದಿಲ್ಲ. ಮೇಲಿನ ಮಾದರಿಯನ್ನೇ ಕೊಳ್ಳಬೇಕು. ಕಣ್ಣು ಬೇಕೆಂದರೆ ಆ ನೇರಳೆ ದೀಪವನ್ನೂ ಕಟ್ಟಿಕೊಳ್ಳಬೇಕು. ಕೆಳಗಿನದಕ್ಕೂ ಇದಕ್ಕೂ ಮೂರೂವರೆ ಲಕ್ಷದ ಅಂತರ.

ಸೆಪ್ಟೆಂಬರ್ ೧೯, ಶುಕ್ರವಾರ

ಇಂದೂ ಜೊತೆ ಜಗಳ. ಮೇಲಿನ ಮಾದರಿಗೆ ಬೇಕಾದ ಹಣವನ್ನು ಅಮೇಯನ ಹೆಸರಿನ ಠೇವಣಿಯಿಂದ ತೆಗೆಯೋಣ ಎಂದೆ. ಅವಳ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು.

"ಮೂರೂವರೆ ಲಕ್ಷ ಜಾಸ್ತಿ ಕೊಟ್ಟು ಏನ್ ತಗೋತೀರಿ?"

"ಸುರಕ್ಷಿತ ಅದ ಅದು. ಬಾಜೂಕ ಗಾಡಿ ಬಂದ್ರ ತಾನ ಹೇಳ್ತದ. ಯಾರರ ಅಡ್ಡ ಬಂದ್ರ ತಾನ ಬ್ರೇಕ್ ಹಾಕ್ತದ."

"ಎಲ್ಲಾ ಅದ ಮಾಡಿದ್ರ ನೀವೇನ್ ಮಾಡಾವ್ರು?"

"ಪುಣೆ ಟ್ರಾಫಿಕ್ ನೋಡೀಯಿಲ್ಲೋ ನೀನು?"

"ನೋಡೀನ್ರಿ. ಅವರೆಲ್ಲಾ ತಮ್ಮ ಕಣ್ಣಿಲೇನ ಓಡಸ್ತಾರ." ಲಟ್ಟಣಿಗೆ ಕೆಳಗಿಟ್ಟು ಮೆಲ್ಲಗೆ ಹೇಳಿದಳು, "ಅದು ನಾವ್ ಹೋದ ಮ್ಯಾಲೆ ಅವನ್ನ ನೋಡಿಕೊಳ್ಳಾವರಿಗೆ ಕೊಡೂ ರೊಕ್ಕ ಅದ. ಮುಟ್ಟಬ್ಯಾಡ್ರಿ."

"ನಾವ್ ಹೋಗೂ ತನಕಾ ಏನ್ ಮಾಡೂದು?" ಎಂದು ಕೂಗಿಬಿಟ್ಟೆ. ಒಳಗಿನ ಕೋಣೆಯಿಂದ ಅಮೇಯ ಎರಡೂ ಕಿವಿ ಮುಚ್ಚಿಕೊಂಡು ಬಂದು ನಮ್ಮಿಬ್ಬರ ನಡುವೆ ನಿಂತ. ಗಟ್ಟಿ ದನಿಯನ್ನು ಅವನು ತಡೆಯಲಾರ. ಚಪಾತಿ ಕರಕಲಾಯಿತು.

ಸೆಪ್ಟೆಂಬರ್ ೨೩, ಮಂಗಳವಾರ

ಪರೀಕ್ಷೆಗೆ ಹೋಗಿ ಬಂದೆ. ಇಂದೂಗೆ ಬ್ಯಾಂಕು ಎಂದು ಹೇಳಿದ್ದೆ.

ಕತ್ತಲೆ ಕೋಣೆ. ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು ನಡುವಿನ ಚುಕ್ಕೆಯನ್ನು ನೋಡುತ್ತಿರಬೇಕು. ಅಂಚಿನಲ್ಲಿ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಎಡಗಣ್ಣಿನ ಸರದಿ ಬಂದಾಗ ತುಂಬಾ ಹೊತ್ತು ಏನೂ ಬರಲಿಲ್ಲ. ಯಂತ್ರ ಕೆಟ್ಟಿರಬೇಕು ಅಂದುಕೊಂಡೆ. ಆಮೇಲೆ ಭಯವಾಯಿತು, ಅಂದಾಜಿನ ಮೇಲೆ ಒತ್ತತೊಡಗಿದೆ. ಟಕ್, ಟಕ್, ಟಕ್.

ಡಾಕ್ಟರಮ್ಮ ಕಾಗದ ನೋಡಿ ಹೇಳಿದರು: "ಬೆಳಕೇ ಇಲ್ಲದಾಗಲೂ ಒತ್ತಿದ್ದೀರಿ. ಯಂತ್ರಕ್ಕೆ ಅದು ಗೊತ್ತಾಗುತ್ತದೆ." ಸುಳ್ಳು ಕ್ಲೇಮು ಹಿಡಿಯುವುದೇ ನನ್ನ ಕಸುಬಾಗಿತ್ತು. ತಲೆ ತಗ್ಗಿಸಿ ಮತ್ತೆ ಕುಳಿತೆ. ಈ ಸಲ ಕಂಡಾಗ ಮಾತ್ರ ಒತ್ತಿದೆ. ಹೆಚ್ಚು ಒತ್ತುವ ಪ್ರಸಂಗ ಬರಲಿಲ್ಲ.

ಹೋದ ನೋಟ ಮರಳಿ ಬರುವುದಿಲ್ಲ. ಹನಿ ಔಷಧದಿಂದ ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಕಾರು ಓಡಿಸುವುದು ಇವತ್ತಿಗೇ ಮುಗಿಯಬೇಕು ಎಂದರು. ಮಗನ ವಿಷಯ ಹೇಳಿದೆ. ಡ್ರೈವರನ್ನು ಇಟ್ಟುಕೊಳ್ಳಿ ಎಂದರು. ಅವರಿಗೆ ಏನು ಗೊತ್ತು! ಹೋದ ವರ್ಷ ನನಗೆ ಜ್ವರ ಬಂದಾಗ ಒಬ್ಬ ಡ್ರೈವರನ್ನು ಕರೆಸಿದ್ದೆವು. ಸ್ವಾರಗೇಟಿನ ನಡುರಸ್ತೆಯಲ್ಲಿ ಅಮೇಯ ಬಾಗಿಲು ತೆರೆದು ಹೊರಗೆ ಜಿಗಿಯಲು ಹೋಗಿದ್ದ. ಪರಕೀಯರ ಬೆನ್ನು ಅವನಿಗೆ ಆಗುವುದಿಲ್ಲ.

ಕಾರಿಲ್ಲದಿದ್ದರೆ ನಾನು ಅವನಿಗೆ ಯಾತಕ್ಕೆ ಬೇಕು? ಮನೆಯಲ್ಲಿ ಕುರ್ಚಿ ಇದ್ದ ಹಾಗೆ ಇರುತ್ತೇನೆ.

ಸೆಪ್ಟೆಂಬರ್ ೨೪, ಬುಧವಾರ

ಸಂಜೆ ಸುತ್ತಿ ಬಂದೆವು. ನಿಧಾನವಾಗಿ ಓಡಿಸಿದೆ. ಏನೂ ಆಗಲಿಲ್ಲ.

ಮೇಲಿನ ಮಾದರಿಯೇ ಬೇಕು. ಠೇವಣಿಯ ವಿಷಯ ಇಂದೂಗೆ ಆಮೇಲೆ ಹೇಳುತ್ತೇನೆ.

ಸೆಪ್ಟೆಂಬರ್ ೨೮, ಭಾನುವಾರ

ಸೋನಾಲಿ ಮೇಲಿನ ಮಾದರಿಯ ಕಾರನ್ನು ಮನೆಯ ಹತ್ತಿರವೇ ತಂದಳು, ಓಡಿಸಿ ನೋಡಲಿಕ್ಕೆ. ಅಮೇಯನಿಗೆ ಸೀಟು ಒಗ್ಗುತ್ತದೋ ಇಲ್ಲವೋ ನೋಡಬೇಕಿತ್ತು, ಅವನನ್ನೂ ಕರೆದುಕೊಂಡೆ. ಚಾಲಕನ ಬೆನ್ನು ನನ್ನದೇ ಎಂದು ಕಂಡು ಹತ್ತಿದ, ತನ್ನ ಎಡಬದಿಗೆ ಕುಳಿತ. ಸೋನಾಲಿ ಮುಂದೆ, ನನ್ನ ಪಕ್ಕದಲ್ಲಿ.

ತಿಲಕ ರಸ್ತೆಗೆ ಬಂದೆವೋ ಇಲ್ಲವೋ, ಕಾರು ಪೀಪ್ ಎಂದಿತು. ಮತ್ತೆ ಪೀಪ್. ಎಡಕ್ಕೆ ಪೀಪ್, ಗೆರೆಗೆ ಪೀಪ್. ಒಂದು ರಿಕ್ಷಾದ ಹತ್ತಿರ ಹೋಗಿ ತಾನೇ ಬ್ರೇಕು ಹಾಕಿ ನಾವೆಲ್ಲ ಮುಂದಕ್ಕೆ ಮುಗ್ಗರಿಸುವಂತೆ ಮಾಡಿತು. ಅಮೇಯ ಕಿವಿ ಮುಚ್ಚಿಕೊಂಡು ಅರಚತೊಡಗಿದ. ಗಟ್ಟಿ ದನಿಯನ್ನೇ ತಡೆಯದವನು ಇದನ್ನು ಹೇಗೆ ತಡೆದಾನು? ನನ್ನ ಮೂರೂವರೆ ಲಕ್ಷದ ಕಣ್ಣು ಮಾತಾಡುವುದು ಪೂರ್ತಿ ಪೀಪ್ ಭಾಷೆಯಲ್ಲೇ ಎಂಬುದು ನನಗೆ ಹೊಳೆದೇ ಇರಲಿಲ್ಲ.

"ಸದ್ದು ಬಂದ್ ಮಾಡಬಹುದು ಕಾಕಾ, ಯೋಚನೆ ಬೇಡ" ಎಂದು ಸೋನಾಲಿ ಪರದೆಯ ಮೇಲೆ ಏನೇನೋ ಒತ್ತಿದಳು. "ಈಗ ಕನ್ನಡಿಯಲ್ಲಿ ದೀಪ ಮಾತ್ರ ಹತ್ತುತ್ತದೆ. ನೋಡಿ, ಹತ್ತಿತು."

ನಾನು ನೋಡಿದೆ. ಅಂದರೆ ನೋಡಿದವನ ಹಾಗೆ ತಲೆಯಾಡಿಸಿದೆ.

ಅಮೇಯ ಅರಚುವುದನ್ನು ನಿಲ್ಲಿಸಿ, ತನ್ನ ಚಟದಂತೆ ಗಾಜು ಬಡಿಯತೊಡಗಿದ. ಬಡಿದ, ನಿಲ್ಲಿಸಿದ, ಬಡಿದ. ಸೋನಾಲಿ ಒಮ್ಮೆ ಕನ್ನಡಿ ನೋಡಿದಳು, ಒಮ್ಮೆ ಹಿಂದೆ ತಿರುಗಿ ಅವನನ್ನು ನೋಡಿದಳು. ಅವಳಿಗೆ ಮೋಜೆನಿಸಿತು; ಅವನನ್ನು ಅವಳು ದಾದಾ, ಅಂದರೆ ಅಣ್ಣ, ಎಂದೇ ಕರೆಯುತ್ತಾಳೆ. "ಕಾಕಾ, ದಾದಾ ಎಷ್ಟು ಜಾಣ! ಎಡಗಡೆ ಗಾಡಿ ಬಂದಾಗಲೆಲ್ಲ ಬಡಿಯುತ್ತಾರೆ. ದೀಪಕ್ಕಿಂತ ಮೊದಲೇ ಬಡಿಯುತ್ತಾರೆ!"

ನಾನೂ ನಕ್ಕೆ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ತಲೆ ತಿರುಗುತ್ತಿದೆ ಎಂದೆ. ಅಲ್ಲಿಂದ ಅವಳೇ ಓಡಿಸಿದಳು. ಫೋನು ಮಾಡಿ ಕರೆಸಿದ ಇಂದೂ ಬಂದು ಹಿಂದೆ ಕುಳಿತು ಕೈ ಹಿಡಿದುಕೊಳ್ಳುವವರೆಗೆ ಅಮೇಯ ಕಾರು ಹೊರಡಿಸಗೊಡಲಿಲ್ಲ.

ಸೆಪ್ಟೆಂಬರ್ ೨೯, ಸೋಮವಾರ

ಕಾರು ಕೆಟ್ಟಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿದೆ.

ನಿನ್ನೆ ಮೊದಲು ಆದದ್ದು ಸಂತೋಷ. ನಾಚಿಕೆಗೆಟ್ಟು ಬರೆಯುತ್ತಿದ್ದೇನೆ. ಇವನಿದ್ದಾನಲ್ಲ, ಹಿಂದೆ ಕುಳಿತು ನೋಡುತ್ತಾನಲ್ಲ, ಯಾವ ಯಂತ್ರವೂ ಬೇಡ, ಇನ್ನೂ ಓಡಿಸಬಹುದು ಎನಿಸಿತು. ರಾತ್ರಿಯೆಲ್ಲ ಅದನ್ನೇ ಹಿಗ್ಗಿ ಯೋಚಿಸಿದೆ.

ಬೆಳಿಗ್ಗೆ ಅವನ ಮುಖ ನೋಡಿದೆ. ಕಣ್ಣ ಕೆಳಗೆ ಕಪ್ಪು. ಮೊದಲು ಕಾತ್ರಜದಲ್ಲಿ ಬಸ್ಸುಗಳ ಹಣೆಪಟ್ಟಿ ಓದುತ್ತಿದ್ದ, ಹುಬ್ಬಳ್ಳಿ, ಬೆಳಗಾವಿ, ವಿಜಯಪುರ ಎಂದು. ಅವನ ಹತ್ತು ಮಾತುಗಳಲ್ಲಿ ಆ ಮೂರು ಇದ್ದೇ ಇರುತ್ತಿದ್ದವು. ಎಷ್ಟೋ ದಿನಗಳಿಂದ ಓದಿಲ್ಲ. ಓದಲು ಪುರುಸೊತ್ತೆಲ್ಲಿ ಅವನಿಗೆ? ಮಳೆಗಾಲದಿಂದ ನನ್ನ ಮಗ ತಿರುಗಾಡಲು ಬರುತ್ತಿರಲಿಲ್ಲ, ನನ್ನನ್ನು ಕಾಯಲು ಬರುತ್ತಿದ್ದ. ದಿನವೂ ಹೆದರಿಕೊಂಡೇ ಚಪ್ಪಲಿ ಹಾಕಿಕೊಂಡು ನಿಲ್ಲುತ್ತಿದ್ದ. ಮಲಗುವುದಾದರೂ ಹೇಗೆ?

ನಾನು ಅವನನ್ನು ಬೈದಿದ್ದೆ.

ಅಕ್ಟೋಬರ್ ೨, ಗುರುವಾರ, ದಸರೆ

ಪೂಜೆಗೆಂದು ಹಳೆಯ ಕಾರನ್ನು ತೊಳೆದೆ. ಒದ್ದೆ ಬಟ್ಟೆ ಹಿಡಿದು ಎಡಗಡೆಗೆ ಬಂದಾಗ ಕೈ ತಾನಾಗಿ ನಿಂತಿತು. ಮುಂದಿನ ಬಾಗಿಲಿಗೆ ಉದ್ದ ಗೀರು, ಹಿಂದಿನ ಬಾಗಿಲಿಗೆ ನೆಗ್ಗು, ಗಾಲಿಯ ಮೇಲೆ ಇನ್ನೊಂದು. ಬಲಗಡೆ ನುಣ್ಣಗಿದೆ, ಶೋರೂಮಿನಿಂದ ಬಂದ ಹಾಗೆ. ಇಷ್ಟು ದಿನ ಇದನ್ನು ನೆರೆಮನೆಯ ಸ್ಕೂಟರಿನ ತಲೆಗೆ ಕಟ್ಟಿದ್ದೆ. ಪರರ ಗಾಡಿಯಾಗಿದ್ದರೆ ಒಂದೇ ಸಾಲಿನಲ್ಲಿ ಬರೆದುಕೊಡುತ್ತಿದ್ದೆ: ಚಾಲಕನಿಗೆ ಎಡಗಡೆ ಕಾಣುವುದಿಲ್ಲ, ತಪ್ಪು ಚಾಲಕನದು.

ಇಂದೂ ಚೆಂಡುಹೂವಿನ ಮಾಲೆ ಹಿಡಿದು ಕೆಳಗೆ ಬಂದಳು. ಅಲ್ಲೇ, ಪಾರ್ಕಿಂಗಿನಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಕಣ್ಣು, ಪರೀಕ್ಷೆ, ಗಾಜು ಬಡಿಯುವುದು, ಎಲ್ಲವನ್ನೂ.

ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಹಿಂದಿನ ಬಾಗಿಲಿನ ನೆಗ್ಗಿನ ಮೇಲೆ ಕೈಯಿಟ್ಟಳು.

"ಅವ ಇಲ್ಲೇ ಕೂಡ್ತಾನಲ್ರಿ" ಎಂದಳು. "ಇದ ಬಾಜೂಕ."

ನನಗೆ ಅದು ಹೊಳೆದೇ ಇರಲಿಲ್ಲ. ಇಷ್ಟೂ ದಿನ ನನ್ನ ಕಣ್ಣು, ನನ್ನ ಸ್ಟೇರಿಂಗು, ನನ್ನ ಗತಿ ಎಂದು ಅತ್ತೆ. ಏಟು ಬೀಳುವ ಬದಿಗೆ ಕುಳಿತಿದ್ದವನು ಅವನು.

ಮಾಲೆ ಕಟ್ಟಲಿಲ್ಲ. ಮೇಲೆ ಬಂದು ಅದನ್ನು ಮೇಜಿನ ಮೇಲಿಟ್ಟು ಹೇಳಿದಳು, "ನಾ ಕಲೀತೀನಿ. ನನ್ನ ಬೆನ್ನು ಅವಗ ಪರಕೀಯ ಅಲ್ಲ." ಅಡುಗೆಮನೆಯ ಕಡೆ ಹೊರಟವಳು ತಿರುಗಿ ಬಂದಳು. "ಆ ಒಂದು ತಾಸು ನಂದಿತ್ರಿ. ನೀವಿಬ್ರೂ ಹೋದ ಕೂಡ್ಲೆ ಬಾಗಲಾ ಹಾಕ್ಕೊಂಡು ಮಲಕೋತಿದ್ದೆ. ಇಡೀ ದಿನದಾಗ ನನಗ ಸಿಗೂದು ಅಷ್ಟ."

ನನಗೆ ಗೊತ್ತಿರಲಿಲ್ಲ. ಒಂದು ದಿನವೂ ಕೇಳಿರಲಿಲ್ಲ.

ಅಕ್ಟೋಬರ್ ೬, ಸೋಮವಾರ

ಇಂದೂಳನ್ನು ಕರೆದುಕೊಂಡು ಶೋರೂಮಿಗೆ ಹೋದೆ. ಚಾಲಕನ ಸೀಟಿನಲ್ಲಿ ಕೂತಳು, ಗಿಡ್ಡ ಹೆಂಗಸು, ಬಾನೆಟ್ಟೇ ಕಾಣಲಿಲ್ಲ. ಸೀಟು ಮೇಲೇರಿಸುವ ಹಿಡಿ ನಡುವಿನ ಮಾದರಿಯಲ್ಲಿದೆ. ಗೇರು ತಾನೇ ಬದಲಾಗುವುದೂ ಅದರಲ್ಲಿ ಸಿಗುತ್ತದೆ. ಅವೆರಡೇ ಸಾಕು ಎಂದಳು. ನಮ್ಮ ಉಳಿತಾಯದಲ್ಲೇ ಆಗುತ್ತದೆ, ಠೇವಣಿ ಮುಟ್ಟಬೇಕಿಲ್ಲ. ಸುರಕ್ಷತೆಯಿರುವ ಮೇಲಿನ ಮಾದರಿಯನ್ನು ಬಿಟ್ಟಿರೇಕೆ ಎಂದು ಸೋನಾಲಿ ಕೇಳಿದಳು. ನನಗೆ ಎಡಗಡೆ ಕಾಣುವುದಿಲ್ಲ, ಓಡಿಸುವವಳು ಇವಳು ಎಂದೆ. ಹೊರಗಿನವರ ಮುಂದೆ ಇದನ್ನು ಹೇಳಿದ್ದು ಇದೇ ಮೊದಲು. ಹುಡುಗಿ ಪಾಪ, ನೀರು ತಂದುಕೊಟ್ಟಳು.

ಅಕ್ಟೋಬರ್ ೧೮, ಶನಿವಾರ

ಈ ಸಂಜೆಗಳು ಯಾರಿಗೂ ಬೇಡ. ಇಂದೂ ಬೆಳಿಗ್ಗೆ ಡ್ರೈವಿಂಗ್ ಕ್ಲಾಸಿಗೆ ಹೋಗುತ್ತಾಳೆ. ಕಲಿಸುವ ಅನುಜಾ ಮೇಡಂ ಇನ್ನೂ ಒಂದು ತಿಂಗಳು ಬೇಕು ಎನ್ನುತ್ತಾರೆ. ಅಮೇಯನಿಗೆ ತಿಂಗಳ ಲೆಕ್ಕ ಹೇಳುವುದು ಹೇಗೆ? ಚಪ್ಪಲಿ ಹಾಕಿಕೊಂಡು ನಿಲ್ಲುತ್ತಾನೆ. ನನ್ನ ಕೈ ಹಿಡಿದು ಕೀಲಿ ನೇತುಹಾಕುವ ಮೊಳೆಯ ಮೇಲೆ ಇಡುತ್ತಾನೆ. ನಾನು ಕೈ ತೆಗೆಯುತ್ತೇನೆ. ಮತ್ತೆ ಇಡುತ್ತಾನೆ. ನಿನ್ನೆ ಅಡುಗೆಮನೆಯ ಡಬ್ಬಿಗಳೆಲ್ಲ ನೆಲಕ್ಕೆ ಬಿದ್ದವು. ಇಂದೂಳ ತೋಳಿನ ಮೇಲೆ ಅವನ ಹಲ್ಲಿನ ಗುರುತಿದೆ.

ಇವತ್ತು ತಡೆಯಲಾಗಲಿಲ್ಲ. ಕೀಲಿ ತೆಗೆದುಕೊಂಡು ಕೆಳಗೆ ಹೋದೆ. ಅವನು ತನ್ನ ಜಾಗದಲ್ಲಿ ಕುಳಿತ, ನಾನು ನನ್ನ ಜಾಗದಲ್ಲಿ. ಒಂದೇ ಸಲ, ಬಾಜೀರಾವ್ ರಸ್ತೆಯ ತಿರುವಿನವರೆಗೆ, ಅಷ್ಟೇ ಎಂದುಕೊಂಡೆ. ಕೀಲಿ ಹಾಕಿದೆ. ಅವನ ಅಂಗೈ ಆಗಲೇ ಗಾಜಿನ ಮೇಲೆ ಹೋಗಿತ್ತು. ಕಾರು ಇನ್ನೂ ಶುರುವೇ ಆಗಿರಲಿಲ್ಲ.

ಕೀಲಿ ತೆಗೆದೆ. ಅವನು ಹಿಂದಿನಿಂದ ನನ್ನ ಕುತ್ತಿಗೆಗೆ, ತಲೆಗೆ ಹೊಡೆದ. ಹೊಡೆಯಲಿ ಎಂದು ಕುಳಿತಿದ್ದೆ. ಸಾಕಾಗಿ ಅವನು ಅಳತೊಡಗಿದ, ಆಮೇಲೆ ನಾನೂ ಅತ್ತೆ.

ನವೆಂಬರ್ ೧೬, ಭಾನುವಾರ

ಹೊಸ ಕಾರು ಬಂದು ವಾರವಾಯಿತು. ಇವತ್ತು ಇಂದೂ ಮೊದಲ ಸಲ ನಮ್ಮಿಬ್ಬರನ್ನೂ ಕೂರಿಸಿಕೊಂಡು ಓಡಿಸಿದಳು.

ಅಮೇಯ ಹತ್ತಲು ಒಪ್ಪಲಿಲ್ಲ. ಚಾಲಕನ ಬಾಗಿಲಿನ ಹತ್ತಿರ ಹೋಗಿ ತಾಯಿಯನ್ನು ನೋಡಿದ, ಹಿಂದಿನ ಸೀಟಿನ ಬಲಗಡೆ ಕುಳಿತಿದ್ದ ನನ್ನನ್ನು ನೋಡಿದ, ದೂರ ಹೋಗಿ ಗೋಡೆಗೆ ಒರಗಿ ನಿಂತ. ವಾಚ್‌ಮನ್ ಬಂದು ಪುಕ್ಕಟೆ ಸಲಹೆ ಕೊಟ್ಟ, ಎರಡನೇ ಮಹಡಿಯವರೂ ಕೊಟ್ಟರು. ಇಂದೂ ಕರೆಯಲೂ ಇಲ್ಲ, ಬೇಡಿಕೊಳ್ಳಲೂ ಇಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಮುಂದೆ ನೋಡುತ್ತಾ ಕುಳಿತಿದ್ದಳು. ಇವತ್ತೂ ಆಗದು ಎಂದು ನಾನು ಇಳಿಯಬೇಕೆನ್ನುವಷ್ಟರಲ್ಲಿ ಅವನು ಬಂದು ಹತ್ತಿದ. ಯಾಕೆ ಮನಸ್ಸು ಬದಲಾಯಿತೋ ಗೊತ್ತಿಲ್ಲ.

ಸ್ವಾರಗೇಟಿನವರೆಗೆ ಇಂದೂ ಮೆಲುದನಿಯಲ್ಲೇ ರಿಕ್ಷಾದವರಿಗೆಲ್ಲ ಮದುವೆಯಾದಂದಿನಿಂದ ನಾನು ಕೇಳದ ಬೈಗುಳ ಬೈದಳು. ನಾನು ಕಾಲ ಕೆಳಗಿನ ನೆಲವನ್ನೇ ಬ್ರೇಕು ಅಂದುಕೊಂಡು ಒತ್ತುತ್ತಿದ್ದೆ. ಸಾತಾರಾ ರಸ್ತೆಯಲ್ಲಿ ಎಡಗಡೆ ಬಸ್ಸೊಂದು ತೀರಾ ಹತ್ತಿರ ಬಂತು. ನನಗೆ ಸದ್ದು ಕೇಳಿಸಿತು. ಕುತ್ತಿಗೆ ಪೂರ್ತಿ ತಿರುಗಿಸಿ ಅಮೇಯನನ್ನು ನೋಡಿದೆ. ಅವನು ಬಸ್ಸನ್ನು ನೋಡುತ್ತಿರಲಿಲ್ಲ. ಬಾಯಿ ತುಸು ತೆರೆದುಕೊಂಡು ಅಂಗಡಿಯ ದೀಪಗಳನ್ನು ನೋಡುತ್ತಿದ್ದ, ಚಿಕ್ಕಂದಿನಲ್ಲಿ ನೋಡುತ್ತಿದ್ದ ಹಾಗೆ.

ಅದನ್ನು ನೋಡಿ ಸಮಾಧಾನವಾಯಿತು. ಸಂಕಟವೂ ಆಯಿತು. ಸ್ಟೇರಿಂಗು ನನ್ನ ಕೈಯಲ್ಲಿಲ್ಲದಾಗ ಅವನು ಅಷ್ಟು ನಿರಾಳನಾಗಿದ್ದ. ಸ್ಟೇರಿಂಗು ಈಗಲೂ ಬೇಕು ಅನಿಸುತ್ತದೆ, ಸುಳ್ಳು ಯಾಕೆ ಬರೆಯಲಿ.

ಕಾತ್ರಜದಿಂದ ವಾಪಸು ಬರುವಾಗ ಅವನಿಗೆ ಜೋಂಪು ಹತ್ತಿತು. ಸ್ವಲ್ಪ ಹೊತ್ತಿಗೆ ಅವನ ತಲೆ ನನ್ನ ಎಡ ಭುಜದ ಮೇಲೆ ಬಂದು ಕುಳಿತಿತು. ಅವನು ತಾನಾಗಿ ನನ್ನನ್ನು ಮುಟ್ಟುವವನಲ್ಲ. ಕೈ ಹಿಡಿದರೂ ಕೀಲಿಗಾಗಿ ಹಿಡಿಯುತ್ತಾನೆ. ಅಲುಗಾಡದೆ ಕುಳಿತೆ.

ಮನೆ ಬಂತು. ಇಂದೂ ಕಾರು ನಿಲ್ಲಿಸಿ ಇಳಿದು ಹಿಂದಿನ ಬಾಗಿಲು ತೆರೆದಳು.

"ಎಬ್ಬಸ್ರಿ, ಊಟಾ ಆಗಬೇಕು."

"ಬ್ಯಾಡ. ಮಲಗ್ಲಿ. ನೀ ಮ್ಯಾಲೆ ಹೋಗಿ ಒಂದು ತಾಸು ಮಲಕೋ."

"ನೀವು?"

"ನಾ ಇಲ್ಲೇ ಇರ್ತೀನಿ. ಬಾಗಲಾ ಸಾವಕಾಶ ಹಾಕು."

ಅವಳು ಬಾಗಿಲನ್ನು ಮೆಲ್ಲಗೆ ಒತ್ತಿ ಹೋದಳು. ಅಮೇಯ ನನ್ನ ಎಡಗಡೆ ಇದ್ದ. ತಿರುಗಿದರೆ ಎಚ್ಚರವಾದೀತೆಂದು ನಾನು ತಿರುಗಲಿಲ್ಲ, ಹಾಗಾಗಿ ಅವನು ನನಗೆ ಕಾಣಲಿಲ್ಲ. ತಲೆಯ ಭಾರ ಮಾತ್ರ ಗೊತ್ತಾಗುತ್ತಿತ್ತು. ಇಂದೂ ನಿದ್ದೆ ಮುಗಿಸಿ, ಮುಖ ತೊಳೆದುಕೊಂಡು ಕೆಳಗೆ ಬರುವವರೆಗೂ ಹಾಗೆಯೇ ಕುಳಿತಿದ್ದೆ.